ಕಂಬದ ಮೇಲಿನ 600 ಕೆವಿಎಆರ್ ಕೆಪಾಸಿಟರ್ ಸೆಟ್: ಮಂಡ್ಯದ ಪಂಪ್‌ಸೆಟ್ ಫೀಡರಿಗೆ ಒಗ್ಗುತ್ತದೆಯೇ?

ನಾಗಮಂಗಲದ ಬೋರ್‌ವೆಲ್ ಸೀಮೆಯಿರಲಿ, ಮದ್ದೂರು, ಮಳವಳ್ಳಿ ಕಡೆಯ ನಾಲೆ ಬಯಲಿರಲಿ, ಐಪಿ ಫೀಡರಿಗೆ (ನೀರಾವರಿ ಪಂಪ್‌ಸೆಟ್ಟುಗಳ ಲೈನಿಗೆ) ತ್ರೀ ಫೇಸ್ ಕೊಟ್ಟ ಗಳಿಗೆಯಲ್ಲಿ ಆಟೋ ಸ್ಟಾರ್ಟರ್ ಕಟ್ಟಿದ ಮೋಟಾರುಗಳೆಲ್ಲ ಒಟ್ಟಿಗೇ ಎದ್ದು ಓಡುತ್ತವೆ. ಸಬ್‌ಸ್ಟೇಷನ್ನಿನಲ್ಲಿ ಆಂಪಿಯರ್ ಏರುತ್ತದೆ, ಫೀಡರಿನ ಕೊನೆಯ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ವೋಲ್ಟೇಜ್ ಇಳಿಯುತ್ತದೆ, ಗದ್ದೆಯ ಮೋಟಾರು ಬಿಸಿಯಾಗಿ ವೈಂಡಿಂಗ್ ಸುಡುತ್ತದೆ. ಆ ಆಂಪಿಯರಿನಲ್ಲಿ ದೊಡ್ಡದೊಂದು ಪಾಲು ನೀರೆತ್ತುವುದಕ್ಕೆ ಹೋಗುವುದೇ ಇಲ್ಲ. ಮೋಟಾರಿನೊಳಗೆ ಅಯಸ್ಕಾಂತ ಕ್ಷೇತ್ರ ಕಟ್ಟಲು ಬೇಕಾದ ರಿಯಾಕ್ಟಿವ್ ಕರೆಂಟ್ ಅದು. ಅದನ್ನು ಸ್ಟೇಷನ್ನಿನಿಂದ ಕಿಲೋಮೀಟರುಗಟ್ಟಲೆ ಹೊತ್ತು ತರುವ ಬದಲು ದಾರಿಯಲ್ಲೇ ಒದಗಿಸುವ ಸಾಮಾನು ಈ ಕೆಪಾಸಿಟರ್ ಬ್ಯಾಂಕ್. ಹೀಗೆ ಒದಗಿಸುವ ರಿಯಾಕ್ಟಿವ್ ಪವರಿನ ಅಳತೆಯೇ ಕೆವಿಎಆರ್.

ಇಲ್ಲಿ ತೂಗಿ ನೋಡುತ್ತಿರುವುದು 11 ಕೆವಿ ಲೈನಿನ ಕಂಬಕ್ಕೆ ಏರಿಸುವ, ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಸೆಟ್ಟನ್ನು: 7.3 ಕೆವಿ, 200 ಕೆವಿಎಆರ್‌ನ ಮೂರು ಕ್ಯಾನ್ (ಕೆಪಾಸಿಟರ್ ಡಬ್ಬಿ), ಮೂರು ವ್ಯಾಕ್ಯೂಮ್ ಸ್ವಿಚ್, ಮೂರು ಡಿಒ (ಡ್ರಾಪ್ ಔಟ್) ಫ್ಯೂಸ್, 9 ಕೆವಿಯ ಮೂರು ಲೈಟ್ನಿಂಗ್ ಅರೆಸ್ಟರ್, ಕಂಟ್ರೋಲರಿಗೆ ಸಪ್ಲೈ ಕೊಡುವ ಚಿಕ್ಕ ಪಿಟಿ (ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್), ಲೈನ್ ಕರೆಂಟ್ ನೋಡುವ ಸೆನ್ಸರ್, ಕೆಳಗೆ ಕೈಗೆಟುಕುವ ಎತ್ತರದಲ್ಲಿ ಕಂಟ್ರೋಲ್ ಬಾಕ್ಸ್. ಕಂಪನಿ ಬದಲಾದರೂ ಹೊಟ್ಟೆಯೊಳಗಿನ ಸಾಮಾನು ಇಷ್ಟೇ. ಸ್ವಿಚ್ ಮತ್ತು ಕಂಟ್ರೋಲರ್ ಇಲ್ಲದೆ ನೇರ ಲೈನಿಗೆ ಕಟ್ಟುವ ಫಿಕ್ಸೆಡ್ ಸೆಟ್ ಕೂಡ ಸಿಗುತ್ತದೆ, ಅಗ್ಗವೂ ಹೌದು. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ತಾನೇ ಬಿಟ್ಟುಕೊಳ್ಳುವ ಸ್ವಿಚ್ ಇರುವ ಸೆಟ್ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡುತ್ತದೆ, ಫಿಕ್ಸೆಡ್ ಸೆಟ್ ನಮ್ಮ ಐಪಿ ಫೀಡರುಗಳಿಗೆ ಬೇಡವೇ ಬೇಡ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಮೊದಲು ನೇಮ್‌ಪ್ಲೇಟ್. 600 ಎಂದು ಬರೆದಿದ್ದರೆ 600 ಸಿಗುತ್ತದೆ ಎಂದುಕೊಂಡವರೇ ಹೆಚ್ಚು. ಆ ಅಂಕಿ 12.65 ಕೆವಿಗೆ ಹೇಳಿದ್ದು, 7.3 ಕೆವಿಯ ಕ್ಯಾನುಗಳನ್ನು ಸ್ಟಾರ್ ಕಟ್ಟಿದಾಗ (ಮೂರರ ಒಂದೊಂದು ತುದಿಯನ್ನು ನ್ಯೂಟ್ರಲ್ ಪಟ್ಟಿಯಲ್ಲಿ ಕೂಡಿಸಿದಾಗ) ಆಗುವ ಲೈನ್ ವೋಲ್ಟೇಜ್ ಅದು. ಕೆಪಾಸಿಟರ್ ಕೊಡುವ ಕೆವಿಎಆರ್ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರಿಳಿಯುತ್ತದೆ. 11 ಕೆವಿಯಲ್ಲಿ ಇದೇ ಸೆಟ್ ಕೊಡುವುದು 454. ಲೈನ್ 10 ಕೆವಿಗೆ ಕುಸಿದರೆ 375 ಮಾತ್ರ. ಬಹಳ ಬೇಕಾದ ಹೊತ್ತಿಗೆ ಕಡಿಮೆ ಕೊಡುವುದು ಈ ವಸ್ತುವಿನ ಹುಟ್ಟುಗುಣ. ಹಾಗೆಂದು 11 ಕೆವಿಗೆ ಸರಿಯಾಗಿ ಅಳೆದ ಕ್ಯಾನ್ ತರುವುದು ಜಾಣತನವಲ್ಲ. ಲೋಡ್ ಇಳಿದ ರಾತ್ರಿ ಲೈನ್ ವೋಲ್ಟೇಜ್ ಮೇಲೇರಿದಾಗ ತಡೆದುಕೊಳ್ಳಲು ಆ ಅಂತರ ಬೇಕು. ಲೆಕ್ಕ ಹಾಕುವಾಗ 454 ಹಿಡಿಯಿರಿ, ಅಷ್ಟೇ.

ಇದರಿಂದ ಸಿಗುವುದೇನು? ಫೀಡರಿನಲ್ಲಿ 150 ಆಂಪಿಯರ್, ಪವರ್ ಫ್ಯಾಕ್ಟರ್ (ಒಟ್ಟು ಕೆವಿಎಯಲ್ಲಿ ನಿಜವಾಗಿ ಕೆಲಸ ಮಾಡುವ ಕಿಲೋವ್ಯಾಟಿನ ಪಾಲು) 0.80 ಎಂದು ಇಟ್ಟುಕೊಳ್ಳಿ. ಅದು 2,858 ಕೆವಿಎ. ಅದರಲ್ಲಿ 2,286 ಕಿಲೋವ್ಯಾಟ್, 1,715 ಕೆವಿಎಆರ್. ಒಂದು ಸೆಟ್ ಸೇರಿದರೆ ಸ್ಟೇಷನ್ನಿನಿಂದ ಬರಬೇಕಾದ ಕೆವಿಎಆರ್ 1,261ಕ್ಕೆ ಇಳಿದು ಕರೆಂಟ್ 137 ಆಂಪಿಯರ್ ಆಗುತ್ತದೆ, ಪವರ್ ಫ್ಯಾಕ್ಟರ್ 0.87 ದಾಟುತ್ತದೆ. ಎರಡು ಸೆಟ್ ಹಾಕಿದರೆ 127 ಆಂಪಿಯರ್, 0.94. ತಂತಿಯಲ್ಲಿ ಸುಟ್ಟುಹೋಗುವ ವಿದ್ಯುತ್ತು ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಮೊದಲ ಸೆಟ್ಟಿಗೆ ಸೆಟ್‌ನಿಂದ ಹಿಂದಿನ ಲೈನಿನ ನಷ್ಟ ಆರರಲ್ಲಿ ಒಂದು ಪಾಲು ಇಳಿಯುತ್ತದೆ. ಸ್ಟೇಷನ್ನಿನಿಂದ ಮೊದಲ 5 ಕಿಲೋಮೀಟರ್ ರ್‍ಯಾಬಿಟ್ ಅಳತೆಯ ಅಲ್ಯೂಮಿನಿಯಂ ತಂತಿಯಿದ್ದು ಲೋಡೆಲ್ಲ ಅದರಾಚೆ ಇದ್ದರೆ ಆ 5 ಕಿಲೋಮೀಟರಿನಲ್ಲೇ 30 ಕಿಲೋವ್ಯಾಟ್ ಉಳಿಯಿತು. ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂದರೆ 200 ಯೂನಿಟ್ ಮೇಲೆಯೇ ಆಯಿತು. ಬಾಯಿಮಾತಿನ ‘ಉಳಿತಾಯ’ ನಂಬದೆ ನಿಮ್ಮ ಫೀಡರಿನ ಆಂಪಿಯರ್ ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ವೋಲ್ಟೇಜಿನ ವಿಷಯದಲ್ಲಿ ಮಾತ್ರ ಆಸೆ ಕಡಿಮೆ ಇಟ್ಟುಕೊಳ್ಳಬೇಕು. ಕಿಲೋಮೀಟರಿಗೆ 0.37 ಓಮ್ ರಿಯಾಕ್ಟೆನ್ಸ್ ಹಿಡಿದು 10 ಕಿಲೋಮೀಟರ್ ದೂರದಲ್ಲಿ ಈ ಸೆಟ್ ಕೂರಿಸಿದರೆ ಅಲ್ಲಿ ಏರುವುದು ಶೇಕಡಾ 1.4. 11 ಕೆವಿಯಲ್ಲಿ 150 ವೋಲ್ಟ್, ರೈತನ ಸ್ಟಾರ್ಟರಿನಲ್ಲಿ ಆರು ವೋಲ್ಟ್ ಆಸುಪಾಸು. ಕೊನೆಯ ಟಿಸಿಯಲ್ಲಿ 340 ವೋಲ್ಟ್ ಇದ್ದದ್ದು ಇದರಿಂದ 400 ಆಗುವುದಿಲ್ಲ. ಅಲ್ಲಿಗೆ ತಂತಿ ದಪ್ಪ ಮಾಡಬೇಕು, ಇಲ್ಲವೇ ಫೀಡರ್ ಒಡೆಯಬೇಕು. ಕೆಪಾಸಿಟರ್ ಹಾಕಿ ‘ಲೋ ವೋಲ್ಟೇಜ್ ಸಮಸ್ಯೆ ಮುಗಿಯಿತು’ ಎಂದು ಹೇಳಿಸಿಕೊಂಡ ರೈತರು ಆಮೇಲೆ ಈ ಸಾಮಾನನ್ನೇ ಬೈಯುತ್ತಾರೆ, ತಪ್ಪು ಸಾಮಾನಿನದಲ್ಲ.

ಎಲ್ಲಿ ಕೂರಿಸಬೇಕು? ಲೋಡ್ ಉದ್ದಕ್ಕೂ ಸಮವಾಗಿ ಹರಡಿದ್ದರೆ ಒಟ್ಟು ಕೆವಿಎಆರ್‌ನ ಮೂರರಲ್ಲಿ ಎರಡು ಪಾಲನ್ನು ಫೀಡರ್ ಉದ್ದದ ಮೂರರಲ್ಲಿ ಎರಡು ಪಾಲು ದೂರದಲ್ಲಿ ಇಡುವುದು ಹಳೆಯ, ಗಟ್ಟಿಯಾದ ಲೆಕ್ಕ. ನಮ್ಮಲ್ಲಿ ಲೋಡ್ ಹಾಗೆ ಹರಡಿರುವುದಿಲ್ಲ. ಕೆರೆ ಹಿಂದಿನ ಅಚ್ಚುಕಟ್ಟಿನಲ್ಲಿ ಮೂವತ್ತು ಪಂಪ್ ಗುಂಪಾಗಿರುತ್ತವೆ, ಮುಂದೆ ಎರಡು ಮೈಲಿ ಏನೂ ಇರುವುದಿಲ್ಲ. ಆದ್ದರಿಂದ ಟ್ಯಾಪಿಂಗುಗಳಲ್ಲಿ ಆಂಪಿಯರ್ ಅಳೆದು ದೊಡ್ಡ ಗುಂಪಿನ ಹತ್ತಿರಕ್ಕೆ ಸರಿಸಬೇಕು. ಇನ್ನೊಂದು, ಕಬ್ಬಿನ ಗದ್ದೆಯ ನಡುವಿನ ಕಂಬ ಆರಿಸಬೇಡಿ. ಕಬ್ಬು ಬೆಳೆದು ನಿಂತಾಗ ಕಂಬದ ಬುಡಕ್ಕೆ ಹೋಗಲಾಗುವುದಿಲ್ಲ, ತರಗು ಸುಟ್ಟಾಗ ಬೆಂಕಿಯ ಝಳ ಕಂಟ್ರೋಲ್ ಬಾಕ್ಸಿಗೆ ತಾಗುತ್ತದೆ. ರಸ್ತೆ ಬದಿಯ ಡಿಪಿ (ಜೋಡಿ ಕಂಬದ) ಸ್ಟ್ರಕ್ಚರ್ ಎಷ್ಟೋ ವಾಸಿ.

ಫಿಕ್ಸೆಡ್ ಸೆಟ್ ಯಾಕೆ ಬೇಡ

ಇದು ಈ ಬರಹದ ಮುಖ್ಯ ಮಾತು, ಸ್ವಲ್ಪ ವಿವರವಾಗಿಯೇ ನೋಡಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೋಡ್ ಬೇರೆ ಫೀಡರಿಗೆ ಹೋದ ಕಡೆ ಐಪಿ ಫೀಡರ್ ಪಾಳಿ ಮುಗಿದ ಮೇಲೆ ಪೂರ್ತಿ ಆಫ್ ಆಗುತ್ತದೆ. ಬೇರೆಯಾಗದ ಫೀಡರುಗಳಲ್ಲಿ, ತೋಟದ ಮನೆಗಳಿಗೆ ದೀಪ ಉಳಿಸಬೇಕಾದ ಕಡೆ, ಒಂದು ಫೇಸ್ ತೆಗೆದು ಸಿಂಗಲ್ ಫೇಸ್ ಕೊಡುವ ಪದ್ಧತಿ ಇದೆ. ಹಾಗೆ ಒಂದು ಫೇಸ್ ತೆಗೆದಾಗ ಬ್ಯಾಂಕ್ ಲೈನಿನಲ್ಲೇ ಉಳಿದಿದ್ದರೆ ತೊಂದರೆ ಮೂರು ಕಡೆಯಿಂದ ಬರುತ್ತದೆ.

ತೆಗೆದ ಫೇಸಿನ ತಂತಿ ಸತ್ತಿರುವುದಿಲ್ಲ. ಟಿಸಿಗಳ ಡೆಲ್ಟಾ ವೈಂಡಿಂಗಿನ ಮೂಲಕವೂ ಬ್ಯಾಂಕಿನ ನ್ಯೂಟ್ರಲ್ ಮೂಲಕವೂ ಅದಕ್ಕೆ ವೋಲ್ಟೇಜ್ ಹರಿದು ಬರುತ್ತದೆ. ‘ಆ ಫೇಸ್ ಇಲ್ಲ’ ಎಂದು ಭಾವಿಸಿ ಕಂಬ ಹತ್ತಿದವನ ಕೈ ತಾಗುವುದು ಸಾವಿರಾರು ವೋಲ್ಟಿಗೆ. ಎರಡನೆಯದು, ಲೋಡ್ ಇಲ್ಲದ ಟಿಸಿಯ ಕೋರ್ ಹಾಗೂ ಕೆಪಾಸಿಟರ್ ಸೇರಿದರೆ ಫೆರೊರೆಸೊನೆನ್ಸ್, ಎಂದರೆ ಎರಡೂ ಒಂದಕ್ಕೊಂದು ತಾಳ ಹಾಕುವ ಅನುರಣನ, ಏಳಬಹುದು. ಟಿಸಿ ವಿಚಿತ್ರವಾಗಿ ಗುಡುಗಿದಂತೆ ಸದ್ದು ಮಾಡುತ್ತದೆ, ವೋಲ್ಟೇಜ್ ಅಂಕೆಮೀರಿ ಏರುತ್ತದೆ, ಅರೆಸ್ಟರ್ ಸಿಡಿಯುತ್ತದೆ. ಮೂರನೆಯದು, ದೀಪದ ಲೋಡ್ ಮಾತ್ರ ಇರುವಾಗ ಬ್ಯಾಂಕ್ ಉಳಿದರೆ ಲೈನ್ ಲೀಡಿಂಗ್ ಆಗಿ (ಬೇಕಾದ್ದಕ್ಕಿಂತ ಹೆಚ್ಚು ಕೆವಿಎಆರ್ ಸೇರಿ) ವೋಲ್ಟೇಜ್ ಮೇಲೇರುತ್ತದೆ, ನಷ್ಟ ಇಳಿಸಲು ತಂದ ಸಾಮಾನೇ ನಷ್ಟ ಏರಿಸುತ್ತದೆ. ಕನ್ವರ್ಟರ್ ಕಟ್ಟಿ ಸಿಂಗಲ್ ಫೇಸಿನಲ್ಲೇ ಮೋಟಾರು ಓಡಿಸುವ ರೂಢಿಯೂ ನಮ್ಮಲ್ಲಿದೆಯಲ್ಲ, ಅದು ಈ ಗೋಜಲನ್ನು ಇನ್ನಷ್ಟು ಬಿಗಿಸುತ್ತದೆ.

ಆಟೋ ಸೆಟ್ ಆದರೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಬಹುತೇಕ ವ್ಯಾಕ್ಯೂಮ್ ಸ್ವಿಚ್ಚುಗಳು ಲ್ಯಾಚ್ ಆಗುವ ಬಗೆಯವು: ತೆರೆಯಲೂ ಮುಚ್ಚಲೂ ಸಪ್ಲೈ ಬೇಕು, ಸಪ್ಲೈ ಹೋದರೆ ಇದ್ದಲ್ಲೇ ಇರುತ್ತವೆ. ಪಿಟಿಯನ್ನು ಕಟ್ಟಿದ್ದು ರಾತ್ರಿ ತೆಗೆಯುವ ಫೇಸಿಗೇ ಆದರೆ? ಫೇಸ್ ಹೋಯಿತು, ಸಾಕಷ್ಟು ವೋಲ್ಟೇಜ್ ಸಿಗದೆ ಕಂಟ್ರೋಲರ್ ಸತ್ತಿತು, ಸ್ವಿಚ್ ಮುಚ್ಚಿದಂತೆಯೇ ಉಳಿಯಿತು. ಆಟೋ ಸೆಟ್ ಫಿಕ್ಸೆಡ್ ಆಗಿ ಕೂತಿತು. ಆದ್ದರಿಂದ ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಸಪ್ಲೈ ಪೂರ್ತಿ ಹೋದಾಗ, ಅಥವಾ ಮೂರು ಫೇಸ್ ಸಮವಿಲ್ಲದಾಗ, ತನ್ನೊಳಗೆ ಕೂಡಿಟ್ಟ ಶಕ್ತಿಯಿಂದ ಸ್ವಿಚ್ ತೆರೆದುಕೊಳ್ಳುತ್ತದೆಯೇ? ‘ಹೌದು’ ಎಂದವರ ಮುಂದೆಯೇ ಬಾಕ್ಸಿನ ಸಪ್ಲೈ ಎಳೆದು ತೋರಿಸಲು ಹೇಳಿ. ಮೂರೂ ಸ್ವಿಚ್ಚಿನ ಸೂಚಕ ಹಸಿರಿಗೆ ತಿರುಗದಿದ್ದರೆ ಆ ಸೆಟ್ ವಾಪಸ್ ಕಳಿಸಿ. ಪಿಟಿಯನ್ನು ಯಾವಾಗಲೂ ಉಳಿಯುವ ಎರಡು ಫೇಸಿನ ನಡುವೆ ಕಟ್ಟಬೇಕೆಂದು ಡ್ರಾಯಿಂಗಿನಲ್ಲೇ ಬರೆಸಿ.

ಗಡಿಯಾರ ನೋಡಿ ಆನ್, ಆಫ್ ಆಗುವ ಟೈಮರ್ ಮಾದರಿಯನ್ನು ಐಪಿ ಫೀಡರಿಗೆ ತರಬೇಡಿ. ಹಗಲು ಪಾಳಿ, ರಾತ್ರಿ ಪಾಳಿ ಬದಲಾಗುತ್ತಲೇ ಇರುತ್ತದೆ; ಪ್ರತಿ ಸಲ ಕಂಬಕ್ಕೆ ಹೋಗಿ ಟೈಮರ್ ತಿದ್ದುವವರಾರು? ಕೆವಿಎಆರ್ ನೋಡಿ ಸೇರುವ ಮತ್ತು ಬಿಡುವ, ವೋಲ್ಟೇಜ್ ನೋಡಿಯೂ ಬಿಡುವ ಕಂಟ್ರೋಲರ್ ಸರಿ. ಸೆನ್ಸರನ್ನು ಬ್ಯಾಂಕಿಗೂ ಸ್ಟೇಷನ್ನಿಗೂ ನಡುವೆ ಕೂರಿಸಿದ್ದರೆ 454ರ ಸೆಟ್ಟಿಗೆ ಒಳ್ಳೆಯ ಗೆರೆ ಹೀಗೆ: ಲ್ಯಾಗಿಂಗ್ (ಇನ್ನೂ ಬೇಕಾದ ಕೆವಿಎಆರ್) 300 ದಾಟಿದಾಗ ಸೇರಲಿ, ಲೀಡಿಂಗ್ 250 ದಾಟಿದಾಗ ಬಿಡಲಿ. ಎರಡು ಗೆರೆಗಳ ನಡುವಿನ ಅಂತರ 550 ಆಯಿತು, ಬ್ಯಾಂಕಿಗಿಂತ ಹೆಚ್ಚು. ಈ ಅಂತರ ಬ್ಯಾಂಕಿಗಿಂತ ಕಡಿಮೆಯಾದರೆ ಸೇರಿದ ಕೂಡಲೇ ಬಿಡುವ ಗೆರೆ ಮುಟ್ಟಿ, ಬಿಟ್ಟ ಕೂಡಲೇ ಸೇರುವ ಗೆರೆ ಮುಟ್ಟಿ, ದಿನವಿಡೀ ಟಕ್ ಟಕ್ ಎನ್ನುತ್ತಾ ಸ್ವಿಚ್ಚಿನ ಆಯುಸ್ಸು ತಿನ್ನುತ್ತದೆ. ಸೆನ್ಸರ್ ತಿರುಗುಮುರುಗಾಗಿ ಕೂತರೂ ಕೆಲಸ ಕೆಟ್ಟಿತು: ಲ್ಯಾಗಿಂಗ್ ಲೀಡಿಂಗ್ ಆಗಿ ಕಾಣುತ್ತದೆ, ಮೋಟಾರುಗಳು ಓಡುವಾಗ ಬ್ಯಾಂಕ್ ಬಿಟ್ಟು ಕೂರುತ್ತದೆ. ಸೆನ್ಸರಿನ ಮೇಲಿನ ಬಾಣ ಯಾವ ಕಡೆ ಇರಬೇಕೆಂದು ಮ್ಯಾನುಯಲ್ ನೋಡಿ, ಕಂಬದ ಮೇಲಿಂದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಹತ್ತು ನಿಮಿಷ

‘ಲೈನ್ ಆಫ್ ಆಯ್ತಲ್ಲ ಕಣಣ್ಣ, ಹತ್ತು’ ಎನ್ನುವ ಮಾತು ಕೆಪಾಸಿಟರ್ ಕಂಬದ ಕೆಳಗೆ ಯಾರ ಬಾಯಲ್ಲೂ ಬರಬಾರದು. ಈ ಕಂಬದಲ್ಲಿ ಲೈನ್ ಆಫ್ ಆಗುವುದು ಬೇರೆ, ಕ್ಯಾನ್ ಖಾಲಿಯಾಗುವುದು ಬೇರೆ.

ಒಂದು ಕ್ಯಾನಿನ ಕೆಪಾಸಿಟೆನ್ಸ್ ಸುಮಾರು 12 ಮೈಕ್ರೊಫ್ಯಾರಡ್. ಸ್ವಿಚ್ ತೆರೆದ ಗಳಿಗೆಯಲ್ಲಿ ಅದರಲ್ಲಿ 9,000 ವೋಲ್ಟ್ ವರೆಗೆ ಡಿಸಿ ಸಿಕ್ಕಿಕೊಂಡಿರಬಹುದು. ಅದರಲ್ಲಿ ಅಡಗಿರುವ ಶಕ್ತಿ 480 ಜೌಲ್. ಲಯ ತಪ್ಪಿ ಅದುರುವ ಹೃದಯಕ್ಕೆ ಆಸ್ಪತ್ರೆಯಲ್ಲಿ ಕೊಡುವ ಶಾಕಿನ ಯಂತ್ರ ಹೆಚ್ಚೆಂದರೆ 360 ಜೌಲ್ ಕೊಡುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂಕಿಯ ತೂಕ ತಿಳಿಯುತ್ತದೆ. ಕ್ಯಾನಿನೊಳಗೆ ಡಿಸ್ಚಾರ್ಜ್ ರೆಸಿಸ್ಟರ್ ಇರುತ್ತದೆ, ನಿಜ. ಐಇಸಿ 60871ರ ಪ್ರಕಾರ ಅದು 10 ನಿಮಿಷದೊಳಗೆ 75 ವೋಲ್ಟಿಗೆ ಇಳಿಸಬೇಕು. ಆ ಇಳಿತ ನೇರ ಗೆರೆಯಲ್ಲಿ ಆಗುವುದಿಲ್ಲ. ಈ ಅಳತೆಯ ಕ್ಯಾನಿಗೆ 10 ಮೆಗಾಓಮ್ ಸುಮಾರಿನ ರೆಸಿಸ್ಟರ್ ಇದ್ದರೆ 2 ನಿಮಿಷಕ್ಕೆ ಇನ್ನೂ 3,300 ವೋಲ್ಟ್, 5 ನಿಮಿಷಕ್ಕೆ 750 ವೋಲ್ಟಿನ ಸುತ್ತಮುತ್ತ, 10 ನಿಮಿಷ ಕಳೆದಾಗಲಷ್ಟೇ 70ರ ಒಳಗೆ. ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಸಾಲದು, ಗಡಿಯಾರ ನೋಡಲೇಬೇಕು.

ಇಲ್ಲಿ ಒಂದು ಮೋಸವಿದೆ, ತಿಳಿದವರೂ ಎಡವುವಂಥದ್ದು. ಕೋಲಿನ ತುದಿಗೆ ಸಿಕ್ಕಿಸಿ ಲೈನಿನ ಹತ್ತಿರ ಹಿಡಿದರೆ ಕೂಗುವ ವೋಲ್ಟೇಜ್ ಡಿಟೆಕ್ಟರ್ ಏಸಿಯನ್ನು ಮಾತ್ರ ಗುರುತಿಸುತ್ತದೆ. ಕ್ಯಾನಿನಲ್ಲಿ ಉಳಿದಿರುವುದು ಡಿಸಿ. ಡಿಟೆಕ್ಟರ್ ಸುಮ್ಮನಿದೆ ಎಂದು ಕೈ ಹಾಕಿದರೆ ಮುಗಿಯಿತು. ಅದರ ಮೌನಕ್ಕೆ ಈ ಕಂಬದಲ್ಲಿ ಬೆಲೆಯಿಲ್ಲ, ಡಿಸ್ಚಾರ್ಜ್ ರಾಡ್ ಮುಟ್ಟಿಸಿದ ಮೇಲೆಯೇ ನಂಬಿಕೆ.

ಕೆಲಸದ ಕ್ರಮ ಹೀಗಿರಲಿ. ಫೀಡರಿನ ಎಲ್‌ಸಿ (ಲೈನ್ ಆಫ್ ಮಾಡಿಸಿ ಪಡೆಯುವ ಲೈನ್ ಕ್ಲಿಯರ್ ಅನುಮತಿ) ತೆಗೆದುಕೊಳ್ಳುವ ಮುಂಚೆಯೇ ಕಂಟ್ರೋಲರನ್ನು ಮ್ಯಾನುಯಲ್‌ಗೆ ತಿರುಗಿಸಿ ಮೂರೂ ವ್ಯಾಕ್ಯೂಮ್ ಸ್ವಿಚ್ ತೆರೆಯಬೇಕು, ಗಂಟೆ ನಿಮಿಷ ಬರೆದುಕೊಳ್ಳಬೇಕು. ಬ್ಯಾಂಕಿನ ಕರೆಂಟನ್ನು ಡಿಒ ಎಳೆದು ಅಥವಾ ಜಿಒಎಸ್ (ಮೂರೂ ಫೇಸನ್ನು ಒಟ್ಟಿಗೆ ಬಿಡಿಸುವ ಲೈನ್ ಸ್ವಿಚ್) ತೆರೆದು ಕಡಿಯಲು ಹೋಗಬಾರದು. ಕೆಪಾಸಿಟರ್ ಕರೆಂಟಿನ ಆರ್ಕ್ ಆರಿದಂತೆ ಆಗಿ ಮತ್ತೆ ಹೊತ್ತಿಕೊಳ್ಳುತ್ತದೆ, ಪ್ರತಿ ಸಲ ವೋಲ್ಟೇಜ್ ಮೇಲೇರಿಸುತ್ತದೆ. ಸ್ವಿಚ್ ತೆರೆದಿದೆ ಎಂದು ಸೂಚಕ ನೋಡಿ ಖಚಿತವಾದ ಮೇಲೆ ಕೋಲಿನಿಂದ ಮೂರೂ ಡಿಒ ಕೆಳಗಿಳಿಸಿ, ಬ್ಯಾರಲ್ ಬಿಚ್ಚಿ ಕೆಳಗೆ ತನ್ನಿ. ಡಿಒದ ಮೇಲಿನ ಕಾಂಟ್ಯಾಕ್ಟ್ ಇನ್ನೂ 11 ಕೆವಿಯಲ್ಲಿದೆ ಎಂಬುದನ್ನು ಮರೆಯಬೇಡಿ, 2.6 ಮೀಟರ್ ಅಂತರ ಸಿಗದ ಸ್ಟ್ರಕ್ಚರ್ ಆದರೆ ಫೀಡರಿನ ಎಲ್‌ಸಿ ಇಲ್ಲದೆ ಹತ್ತುವಂತೆಯೇ ಇಲ್ಲ. ಎಲ್‌ಸಿ ಬಂದ ಮೇಲೆ ಕೆಲಸದ ಜಾಗದ ಎರಡೂ ಕಡೆ ಲೈನಿಗೆ ಅರ್ಥಿಂಗ್ ರಾಡ್ ಕಟ್ಟಿ. 10 ನಿಮಿಷ ಕಳೆಯಿತೇ? ಆಮೇಲೆ 17 ಕೆವಿಯ ಗ್ಲೌಸ್, ಮುಖಕ್ಕೆ ಶೀಲ್ಡ್ ಹಾಕಿಕೊಂಡು ಡಿಸ್ಚಾರ್ಜ್ ರಾಡಿನ ಕ್ಲ್ಯಾಂಪನ್ನು ಮೊದಲು ಅರ್ಥಿಗೆ ಬಿಗಿಯಬೇಕು, ಅನಂತರವೇ ತುದಿಯನ್ನು ಕ್ಯಾನಿಗೆ ಮುಟ್ಟಿಸಬೇಕು. ಮೊದಲು ಫೇಸ್ ಕಡೆಯ ಬುಶಿಂಗ್ (ಕ್ಯಾನಿನ ತಲೆಯ ಪಿಂಗಾಣಿ ಟರ್ಮಿನಲ್), ಆಮೇಲೆ ನ್ಯೂಟ್ರಲ್ ಪಟ್ಟಿ, ಆಮೇಲೆ ಕ್ಯಾನಿನ ಮೈ, ಕೊನೆಗೆ ಎರಡು ಬುಶಿಂಗುಗಳ ನಡುವೆ ಬರಿ ತಾಮ್ರದ ತಂತಿ. ಆ ತಂತಿ ಕೆಲಸ ಮುಗಿಯುವವರೆಗೂ ಅಲ್ಲೇ ಇರಲಿ. ಖಾಲಿ ಮಾಡಿದ ಕ್ಯಾನಿನಲ್ಲಿ ಡೈಎಲೆಕ್ಟ್ರಿಕ್ ಹೀರಿಕೊಂಡಿದ್ದ ಚಾರ್ಜ್ ನಿಧಾನಕ್ಕೆ ಟರ್ಮಿನಲ್ಲಿಗೆ ಮರಳಿ ಬರುತ್ತದೆ.

ಫ್ಯೂಸ್ ಹೋದ ಕ್ಯಾನ್ ಖಾಲಿಯೆಂದು ತಿಳಿಯುವುದು ದೊಡ್ಡ ತಪ್ಪು. ಒಳಗಿನ ರೆಸಿಸ್ಟರ್ ತುಂಡಾಗಿದ್ದರೆ ಗಂಟೆಗಳ ಮೇಲೂ ಚಾರ್ಜ್ ಹಾಗೇ ಇರುತ್ತದೆ. ಮೈ ಊದಿಕೊಂಡ ಕ್ಯಾನಿನ ಹತ್ತಿರ ಆತುರ ಬೇಡ: ಒಳಗೆ ಆರ್ಕ್ ಎದ್ದು ಗ್ಯಾಸ್ ತುಂಬಿರುತ್ತದೆ, ಬೆಸುಗೆ ಬಿಟ್ಟು ಸಿಡಿಯಬಹುದು. ಲೈನಿನಿಂದ ಬಿಡಿಸಿ ಪೂರ್ತಿ ತಣ್ಣಗಾಗಲು ಬಿಡಿ, ಇಳಿಸುವಾಗ ಬುಶಿಂಗಿಗೆ ಹಗ್ಗ ಹಾಕಬೇಡಿ.

ತೆರೆದ ಬ್ಯಾಂಕನ್ನು ಮತ್ತೆ ಸೇರಿಸಲೂ ಕಾಯಬೇಕು. ಚಾರ್ಜ್ ಉಳಿದ ಕ್ಯಾನನ್ನು ಎದುರು ಪೊಲಾರಿಟಿಯ ಗಳಿಗೆಯಲ್ಲಿ ಲೈನಿಗೆ ಸೇರಿಸಿದರೆ ವೋಲ್ಟೇಜಿನ ಹೊಡೆತ ಎರಡು ಮೂರು ಪಟ್ಟಾಗುತ್ತದೆ. ಕಂಟ್ರೋಲರಿನಲ್ಲಿ 300 ಸೆಕೆಂಡಿನ ಲಾಕ್ ಇರುವುದು ಅದಕ್ಕೇ. ಟೆಸ್ಟಿಂಗ್ ಬೇಗ ಮುಗಿಯಲೆಂದು ಅದನ್ನು 30ಕ್ಕೆ ಇಳಿಸಿ, ಮತ್ತೆ ಏರಿಸಲು ಮರೆತು ಹೋಗುವುದುಂಟು. ಕೈಗೆ ತೆಗೆದುಕೊಳ್ಳುವ ಮುಂಚೆ ಆ ಸೆಟ್ಟಿಂಗ್ ತಪ್ಪದೆ ನೋಡಿ.

ನ್ಯೂಟ್ರಲ್, ಫ್ಯೂಸ್, ಮಸಿ

11 ಕೆವಿ ಲೈನಿನ ಈ ಸೆಟ್ಟಿನಲ್ಲಿ ಸ್ಟಾರಿನ ನ್ಯೂಟ್ರಲನ್ನು ಅರ್ಥ್ ಮಾಡುವುದಿಲ್ಲ, ತೇಲಿಬಿಡುತ್ತಾರೆ. ‘ನ್ಯೂಟ್ರಲ್ ಅಲ್ಲವೇ, ಅರ್ಥ್ ಮಾಡಿದರೆ ಕ್ಷೇಮ’ ಎಂದು ಒಂದು ಜಿಐ ತಂತಿ ಎಳೆದು ನೆಲಕ್ಕೆ ಕಟ್ಟಿಬಿಡುವ ಉತ್ಸಾಹಿಗಳಿದ್ದಾರೆ. ಆಗ ಮೂರನೇ ಹಾರ್ಮೋನಿಕ್ (50 ಹರ್ಟ್ಸಿನ ಮೂರು ಪಟ್ಟು ವೇಗದ) ಕರೆಂಟಿಗೆ ದಾರಿಯಾಗುತ್ತದೆ, ಒಂದು ಫ್ಯೂಸ್ ಹೋದರೆ ಸ್ಟೇಷನ್ನಿನ ಅರ್ಥ್ ಫಾಲ್ಟ್ ರಿಲೇ ಬಿದ್ದು ಇಡೀ ಫೀಡರ್ ಹೋಗುತ್ತದೆ. ತೇಲುವ ನ್ಯೂಟ್ರಲ್ ಎಂದರೆ ಮುಟ್ಟಬಹುದಾದ ನ್ಯೂಟ್ರಲ್ ಎಂದೂ ಅಲ್ಲ. ಒಂದು ಫೇಸಿನ ಫ್ಯೂಸ್ ಹೋದಾಗ ಉಳಿದ ಎರಡು ಕ್ಯಾನ್ ಸರಣಿಯಲ್ಲಿ ನಿಂತು ಆ ಪಟ್ಟಿ ನೆಲದಿಂದ 3,200 ವೋಲ್ಟ್ ಸುಮಾರಿಗೆ ಏರುತ್ತದೆ; ಬ್ಯಾಂಕ್ ಕೊಡುವ ಕೆವಿಎಆರ್ ಅರ್ಧಕ್ಕೆ ಇಳಿಯುತ್ತದೆ.

ಕ್ಯಾನ್ ಒಳಗೇ ಶಾರ್ಟ್ ಆದರೆ ಕಥೆ ಇನ್ನೂ ಕಠಿಣ. ನ್ಯೂಟ್ರಲ್ ಆ ಫೇಸಿನ 6,350 ವೋಲ್ಟಿಗೇ ಹೋಗುತ್ತದೆ, ಚೆನ್ನಾಗಿರುವ ಎರಡು ಕ್ಯಾನುಗಳ ಮೇಲೆ ಪೂರ್ತಿ 11 ಕೆವಿ ಬೀಳುತ್ತದೆ, ಅವುಗಳ ಅಳತೆಯ ಒಂದೂವರೆ ಪಟ್ಟು. ಕೆಟ್ಟ ಫೇಸಿನ ಕರೆಂಟ್ 24 ಆಂಪಿಯರಿನಿಂದ 71ಕ್ಕೆ ಏರುತ್ತದೆ. ಮೂರೇ ಪಟ್ಟು, ಅದಕ್ಕಿಂತ ಹೆಚ್ಚಿಲ್ಲ! ಸ್ಟೇಷನ್ನಿನ ರಿಲೇಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಉಳಿದೆರಡು ಕ್ಯಾನುಗಳ ಜೀವ ಆ ಒಂದು ಫ್ಯೂಸ್ ಲಿಂಕಿನ ಕೈಯಲ್ಲಿದೆ. ಕ್ಯಾನಿನ ರೇಟೆಡ್ ಕರೆಂಟ್ 27.4 ಆಂಪಿಯರ್, ಲಿಂಕ್ ಅದರ 1.35ರಿಂದ 1.65 ಪಟ್ಟು, ಎಂದರೆ 37ರಿಂದ 45 ಆಂಪಿಯರ್ ಸದಾ ಹೊರಬೇಕು, 71ಕ್ಕೆ ಕೆಲವೇ ನಿಮಿಷದಲ್ಲಿ ಕರಗಬೇಕು. ಕೆ ಮಾದರಿಯ ಟಿನ್ ಲಿಂಕ್ ತನ್ನ ನಂಬರಿನ ಒಂದೂವರೆ ಪಟ್ಟು ಹೊರಬಲ್ಲದಾದ್ದರಿಂದ 25ಕೆ ಲಿಂಕ್ ಇದಕ್ಕೆ ಸರಿಹೊಂದುತ್ತದೆ. ಅದರ ಜಾಗಕ್ಕೆ ಎರಡೆಳೆ ಅಲ್ಯೂಮಿನಿಯಂ ತಂತಿ ಸುತ್ತಿಬಿಟ್ಟರೆ ಒಂದು ಕ್ಯಾನಿನ ಕಾಯಿಲೆ ಮೂರನ್ನೂ ಬಲಿ ತೆಗೆದುಕೊಳ್ಳುತ್ತದೆ. ಸೆಟ್ಟಿನ ಜೊತೆಗೇ ಹನ್ನೆರಡು ಲಿಂಕ್ ಕೊಂಡು ಕಂಟ್ರೋಲ್ ಬಾಕ್ಸಿನ ಬಾಗಿಲೊಳಗೆ ಕಟ್ಟಿಡಿ.

ಆಲೆಮನೆಗಳ ಹೊಗೆ ಬೀಳುವ ಕಡೆ ಬುಶಿಂಗಿನ ಮೇಲೆ ಎಣ್ಣೆಮಸಿ ಕೂರುತ್ತದೆ. ಬೇಸಿಗೆಯಲ್ಲಿ ಏನೂ ತಿಳಿಯುವುದಿಲ್ಲ. ಮೊದಲ ಮುಂಗಾರು ಹನಿಗೆ ಅದರ ಮೇಲೆ ಕಿಡಿ ಹರಿದು ಫ್ಲ್ಯಾಶ್ ಆಗುತ್ತದೆ. ಅಂಥ ಕಡೆಗೆ ಕೆವಿಗೆ 31 ಮಿಲಿಮೀಟರ್ ಲೆಕ್ಕದಲ್ಲಿ, 12 ಕೆವಿಗೆ 372 ಮಿಲಿಮೀಟರ್ ಕ್ರೀಪೇಜ್ (ಬುಶಿಂಗಿನ ಮೈಮೇಲೆ ಕಿಡಿ ಹರಿಯಬೇಕಾದ ದೂರ) ಇರುವ ಬುಶಿಂಗ್ ಕೇಳಿ ಪಡೆಯಿರಿ, ಏಪ್ರಿಲ್ ಕೊನೆಯಲ್ಲಿ ಎಲ್‌ಸಿ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಬುಶಿಂಗ್ ನಟ್ ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದೇ ಸ್ಪ್ಯಾನರಿನಲ್ಲಿ ಜಗ್ಗಿದರೆ ಒಳಗಿನ ಸೀಲ್ ಬಿಟ್ಟು ಎಣ್ಣೆ ಜಿನುಗಲು ಶುರುವಾಗುತ್ತದೆ. ಕೆಲವು ತಿಂಗಳ ಮೇಲೆ ಕ್ಯಾನ್ ಕೆಟ್ಟಾಗ ಕಂಪನಿಯನ್ನು ದೂರುತ್ತೇವೆ. ಬುಶಿಂಗಿಗೆ ಬಗ್ಗುವ ತಂತಿಯನ್ನೇ ಕಟ್ಟಿ, ಗಟ್ಟಿ ಪಟ್ಟಿಯನ್ನಲ್ಲ.

ಅಕ್ಕಿ ಗಿರಣಿ, ಕೋಲ್ಡ್ ಸ್ಟೋರೇಜುಗಳ ಡ್ರೈವುಗಳು (ಮೋಟಾರಿನ ವೇಗ ಹೊಂದಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು) ಅದೇ ಫೀಡರಿನಲ್ಲಿದ್ದರೆ ಇನ್ನೊಂದು ಲೆಕ್ಕ ಬಾಕಿ. ಆ ಜಾಗದ ಫಾಲ್ಟ್ ಲೆವೆಲ್ಲನ್ನು (ಅಲ್ಲಿ ಶಾರ್ಟ್ ಆದರೆ ಹರಿಯುವ ಎಂವಿಎಯನ್ನು) ಬ್ಯಾಂಕಿನ ಅಳತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಲೈನ್ ಯಾವ ಹಾರ್ಮೋನಿಕ್‌ಗೆ ಕುಣಿಯುತ್ತದೆಂದು ತಿಳಿಯುತ್ತದೆ. 25 ಎಂವಿಎ ಇದ್ದು ಒಂದು ಸೆಟ್ ಹಾಕಿದರೆ 7.4, ಪಕ್ಕದಲ್ಲೇ ಎರಡನೆಯದನ್ನೂ ಹಾಕಿದರೆ 5.2. ಡ್ರೈವುಗಳು ಹೆಚ್ಚಾಗಿ ಉಗುಳುವುದು 5 ಮತ್ತು 7ನ್ನೇ. ಎರಡನೇ ಸೆಟ್ ಹಾಕಿದ ಮೇಲೆ ಫ್ಯೂಸುಗಳು ಕಾರಣವಿಲ್ಲದೆ ಹೋಗತೊಡಗಿದರೆ ಕಾರಣ ಇಲ್ಲಿರುತ್ತದೆ. ಎರಡನ್ನು ದೂರ ದೂರ ಇಡಿ, ಇಲ್ಲವೇ ಅಳತೆ ಬದಲಿಸಿ.

ಪಂಪಿನ ಬುಡದ ಕಂಡೆನ್ಸರ್ ಜೊತೆ ಹೋಲಿಸಿದರೆ? ಸ್ಟಾರ್ಟರಿನಲ್ಲೇ ಕಟ್ಟುವ ಎಲ್‌ಟಿ (ಲೋ ಟೆನ್ಷನ್) ಕೆಪಾಸಿಟರ್ ನ್ಯಾಯವಾಗಿ ಮೇಲು. 3 ಎಚ್‌ಪಿಗೆ 1, 5 ಎಚ್‌ಪಿಗೆ 2, 7.5ಕ್ಕೆ 3, 10ಕ್ಕೆ 4 ಕೆವಿಎಆರ್ ರೂಢಿಯ ಅಳತೆ. ಮೋಟಾರಿನ ಜೊತೆ ಸೇರಿ ಮೋಟಾರಿನ ಜೊತೆಗೇ ಬಿಡುತ್ತದೆ, ಎಲ್‌ಟಿ ಲೈನಿಗೂ ಟಿಸಿಗೂ ಹೊರೆ ಇಳಿಸುತ್ತದೆ. ಕಂಬದ ಬ್ಯಾಂಕ್ ಟಿಸಿಯ ಹೊರೆಯನ್ನು ಕೂದಲೆಳೆಯಷ್ಟೂ ಇಳಿಸುವುದಿಲ್ಲ. ಆದರೆ ಈ ಸೆಟ್ಟಿನ 454 ಕೆವಿಎಆರ್‌ಗೆ ಸಮನಾಗಲು 5 ಎಚ್‌ಪಿಯ 227 ಪಂಪುಗಳಲ್ಲಿ ಕೆಪಾಸಿಟರ್ ಬದುಕಿರಬೇಕು, ಸುಟ್ಟದ್ದನ್ನು ರೈತರು ಬದಲಿಸುತ್ತಲೇ ಇರಬೇಕು. ಅದು ಆಗುವ ಹಳ್ಳಿಗಳಲ್ಲಿ ಅದನ್ನೇ ಮಾಡಿ. ಆಗದ ಕಡೆ ಕಂಬದ ಸೆಟ್ ತನ್ನ ಕೆಲಸ ಮಾಡುತ್ತದೆ.

ಸಾಮಾನು ಬಂದ ದಿನ ಐಎಸ್ 13925ರ ಗುರುತು, ನಾನ್ ಪಿಸಿಬಿ (ವಿಷಕಾರಿ ಪಿಸಿಬಿ ಎಣ್ಣೆಯಿಲ್ಲ) ಎಂಬ ಬರಹ, ಎರಡು ಬುಶಿಂಗ್ ಇದೆಯೇ ಎಂಬುದು, ಈ ಮೂರನ್ನೂ ನೋಡಿ. ಒಂದೇ ಬುಶಿಂಗಿನ ಕ್ಯಾನಿನಲ್ಲಿ ಮೈಯೇ ಎರಡನೇ ಟರ್ಮಿನಲ್. ತೇಲುವ ನ್ಯೂಟ್ರಲ್ಲಿನಲ್ಲಿ ಅದನ್ನು ಹಾಕಿದರೆ ಇಡೀ ಚೌಕಟ್ಟು ಜೀವಂತವಾಗುತ್ತದೆ. ಪ್ರತಿ ಕ್ಯಾನಿನ ಮೈಕ್ರೊಫ್ಯಾರಡ್ ಅಳೆದು ರಿಜಿಸ್ಟರಿನಲ್ಲಿ ಬರೆಯಿರಿ. ವರ್ಷಕ್ಕೊಮ್ಮೆ ಅಳೆದಾಗ 12 ಇದ್ದದ್ದು 16ರ ಹತ್ತಿರ ಬಂದರೆ, ಒಳಗೆ ನಾಲ್ಕು ಸರಣಿ ಗುಂಪಿರುವ ಕ್ಯಾನಿನಲ್ಲಿ ಒಂದು ಗುಂಪು ಶಾರ್ಟ್ ಆಗಿದೆ ಎಂದರ್ಥ. ಫ್ಯೂಸ್ ಹೋಗುವವರೆಗೆ ಕಾಯದೆ ಇಳಿಸಿಬಿಡಿ. ಮೂರು ಕ್ಯಾನಿನ ಜೊತೆ ಬದಲಿ ಒಂದನ್ನು ಸ್ಟೋರಿಗೆ ತರಿಸಿಕೊಳ್ಳಿ. ಅದರ ಎರಡು ಬುಶಿಂಗಿನ ನಡುವೆ ಕಂಪನಿಯವರು ಸುತ್ತಿ ಕಳಿಸಿದ ತಾಮ್ರದ ತಂತಿ ಸ್ಟೋರಿನಲ್ಲೂ ಹಾಗೇ ಇರಲಿ. ಅದನ್ನು ಬಿಚ್ಚಬೇಕಾದ್ದು ಕ್ಯಾನ್ ಕಂಬದ ಮೇಲೆ ಕೂತು, ಬೋಲ್ಟ್ ಬಿಗಿದು, ಮೈಗೆ ಅರ್ಥ್ ಕಟ್ಟಿದ ಮೇಲೆಯೇ.